ಓಪಿಡಿ ರಿಜಿಸ್ಟರ್ ನೋಡಿ ಔಷಧಿ ಇಂಡೆಂಟ್ ಹಾಕಬಹುದಾ?

ಜಮಖಂಡಿ ಕಡೆ ಮಾನಸಿಕ ಆರೋಗ್ಯದ ಓಪಿಡಿಗೆ ತಿಂಗಳಿಗೆ 40 ಮಂದಿ, ಅಷ್ಟಕ್ಕೇ ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲಲ್ಲರೀ. ಅದು ಬಂದವರ ಲೆಕ್ಕ, ಕಾಯಿಲೆ ಇದ್ದವರದ್ದಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ತೀವ್ರ ಕಾಯಿಲೆ ಶೇ. 0.8. ಎರಡು ಲಕ್ಷ ವಯಸ್ಕರಿದ್ದರೆ 1,600 ಮಂದಿ ಆಯಿತು. (ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಅಂದಾಜು ಅಂತಲೇ ಬಳಸಿ.)

ಮೊದಲು ಹೊಸಬರು, ಹಳಬರನ್ನು ಬೇರೆ ಮಾಡಿ. ತಿಂಗಳಿಗೊಮ್ಮೆ ಗುಳಿಗೆಗೆ ಬರುವ ಒಬ್ಬನೇ ವರ್ಷದ ಲೆಕ್ಕದಲ್ಲಿ 12 ಆಗಿರ್ತಾನೆ. ಚಿಕಿತ್ಸೆಗೆ ಮಿರಜ, ಧಾರವಾಡಕ್ಕೆ ಹೋಗುವವರು ರಿಜಿಸ್ಟರಿನಲ್ಲಿ ಸಿಗಲ್ಲ, ಆಶಾ ಕಾರ್ಯಕರ್ತೆಯರನ್ನೇ ಕೇಳಬೇಕು. ಇನ್ನು ರಿಸ್ಪೆರಿಡೋನ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಗುಳಿಗೆ) ಸ್ಟಾಕ್ ಮುಗಿದ ತಿಂಗಳ ಸಂಖ್ಯೆಯನ್ನು ಸರಾಸರಿಗೆ ಸೇರಿಸಲೇಬೇಡಿ. ಗುಳಿಗೆ ಇಲ್ಲ ಅಂತ ಜನ ಬರಲ್ಲ, ಜನ ಬಂದಿಲ್ಲ ಅಂತ ಮುಂದಿನ ಸಲ ಗುಳಿಗೆ ಇನ್ನೂ ಕಡಿಮೆ ಬರುತ್ತೆ.