ವಿಚ್ಛೇದನದ ಕಡತವನ್ನು ಕಂಪನಿಗೆ ಕೊಡಬೇಕೇ?

ಪ್ರಶ್ನೆ: ದಾವಣಗೆರೆಯ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ಮೇಲೆ ನನಗೆ ವಿಚ್ಛೇದನವಾಗಿದೆ. ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ್ದು, ಹಿನ್ನೆಲೆ ಪರಿಶೀಲನೆಯ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದ್ದಾರೆ. ದಾವೆಯ ವಿವರಗಳು ಅವರಿಗೆ ಸಿಗುತ್ತವೆಯೇ? ಡಿಕ್ರಿಯ (ವಿಚ್ಛೇದನದ ಅಂತಿಮ ಆದೇಶದ) ಪ್ರತಿ ಕೊಡಲೇಬೇಕೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ದಾವೆಯೊಂದು ನಡೆದಿತ್ತೆಂಬುದು ಅವರಿಗೆ ತಿಳಿಯಬಹುದು, ಏಕೆಂದರೆ ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರಿನಿಂದ ಪ್ರಕರಣ ಹುಡುಕಲು ಅವಕಾಶವಿದೆ. ಆದರೆ ದಾವೆಯೊಳಗಿನ ಮಾತುಗಳಿಗೆ ಕಾನೂನಿನ ಮರೆಯಿದೆ. ನಿಮ್ಮದು 1955ರ ಹಿಂದೂ ವಿವಾಹ ಕಾಯ್ದೆಯಡಿಯ ಮದುವೆಯಾಗಿದ್ದರೆ, ಅದರ 22ನೆಯ ಕಲಮಿನಂತೆ ವಿಚಾರಣೆ ಗೋಪ್ಯವಾಗಿ ನಡೆಯಬೇಕು ಮತ್ತು ಅದರ ವಿವರಗಳನ್ನು ಪ್ರಕಟಿಸುವಂತಿಲ್ಲ. ಮೀರಿದವರಿಗೆ 1000 ರೂಪಾಯಿವರೆಗೆ ದಂಡವಿದೆ. ಈ ಮೊತ್ತ ಇಂದು ಯಾರನ್ನೂ ತಡೆಯಲಾರದೆಂಬುದು ನನ್ನ ಕೊರಗು. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ವೈವಾಹಿಕ ವಿವಾದಕ್ಕೆ ಸಂಬಂಧಿಸಿದ ಆದೇಶವೊಂದರಲ್ಲಿದ್ದ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ (ಆಡಳಿತ ಕಚೇರಿಗೆ) ಸೂಚಿಸಿತಾದರೂ, ತನ್ನ ಸ್ವಂತ ಜಾಲತಾಣವನ್ನೂ ದೃಢೀಕೃತ ಪ್ರತಿಗಳನ್ನೂ ಅದರಿಂದ ಹೊರಗಿಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಕಂಪನಿಯವರು ಕೇಳಿದರೆಂದ ಮಾತ್ರಕ್ಕೆ ಡಿಕ್ರಿ ಕೊಡಬೇಕೆಂಬ ಕಾನೂನಿಲ್ಲ. ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಪತಿಯ ಹೆಸರು ಇದ್ದಾಗ ಇಂಥ ಬೇಡಿಕೆ ಬರುವುದುಂಟು. ಆಗ ಎರಡೂ ದಾಖಲೆಗಳಲ್ಲಿರುವವರು ನೀವೇ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸಿ, ಇದು ಸಾಕೇ ಎಂದು ಬರವಣಿಗೆಯಲ್ಲಿ ಕೇಳಿ. ಅದಕ್ಕೂ ಒಪ್ಪದಿದ್ದರೆ ವಿವಾಹ ರದ್ದಾಯಿತೆಂಬ ಆದೇಶದ ಪುಟವನ್ನಷ್ಟೇ ತೋರಿಸಿ. ಜೀವನಾಂಶ, ಮಕ್ಕಳ ಪಾಲನೆ, ಒಡವೆ ವಸ್ತುಗಳ ಹಂಚಿಕೆಯೆಲ್ಲ ಬರೆದಿರುವ ಜಂಟಿ ಅರ್ಜಿಯನ್ನು ಯಾವ ಕಾರಣಕ್ಕೂ ಕೊಡಬೇಡಿ. ನೀವು ಮಾಡುವ ಕೆಲಸಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ. ವಿದ್ಯಾರ್ಹತೆ, ಹಿಂದಿನ ಉದ್ಯೋಗ, ವಿಳಾಸ, ಅಪರಾಧ ಪ್ರಕರಣಗಳ ಪರಿಶೀಲನೆಗೆ ಆಕ್ಷೇಪವೇನೂ ಬೇಡ; 'ಎಲ್ಲ ನ್ಯಾಯಾಲಯ ದಾಖಲೆಗಳು' ಎಂದಿದ್ದರೆ ಕೌಟುಂಬಿಕ ದಾವೆಗಳನ್ನು ಬಿಡುವಂತೆ ಕೋರಿ.

ಸುಳ್ಳನ್ನು ಮಾತ್ರ ಬರೆಯಬೇಡಿ. ವಿಚ್ಛೇದನವು ಅಪರಾಧವಲ್ಲ, ಪೊಲೀಸ್ ಪರಿಶೀಲನೆಯ ವಿಷಯವೂ ಅಲ್ಲ; ಆದರೆ ವರದಕ್ಷಿಣೆ ಕಿರುಕುಳದ ಪ್ರಕರಣ (ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ ಕಲಮು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು) ಎದುರಿಸಿದವರು, ಅಪರಾಧ ಪ್ರಕರಣವಿದೆಯೇ ಎಂಬ ಪ್ರಶ್ನೆಗೆ ನಿಜವನ್ನೇ ಹೇಳಬೇಕು. ಕೆಲಸಕ್ಕೆ ಸೇರಿದ ಮೇಲೆ ಭವಿಷ್ಯ ನಿಧಿಯ ನಮೂನೆ 11ರಲ್ಲಿ ವೈವಾಹಿಕ ಸ್ಥಿತಿಯ ಕಾಲಂ ಬರುತ್ತದೆ. ಅಲ್ಲಿ 'ವಿಚ್ಛೇದಿತೆ' ಎಂದೇ ತುಂಬಿ, ನಾಮನಿರ್ದೇಶನದಲ್ಲಿ ಮಾಜಿ ಪತಿಯ ಹೆಸರು ಉಳಿದಿದ್ದರೆ ಅದನ್ನೂ ಬದಲಿಸಿ.