ಆಫ್ ಮಾಡಿದೀವಲ್ಲ ಸಾರ್, ಇನ್ನೇನು ಭಯ?

ಭೂಗತ ಎಚ್‌ಟಿ (ಹೈ ಟೆನ್ಶನ್, ಅಂದ್ರೆ ಭಾರೀ ವೋಲ್ಟೇಜಿನ) ಕೇಬಲ್ ಬಗ್ಗೆ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಕೇಳೋರು ಮಾತ್ರ ಬೇರೆ ಬೇರೆ. ಅದಕ್ಕೇ ಈ ಸಲ ಅದನ್ನೇ ಪೂರ್ತಿ ಮುಗಿಸಿಬಿಡ್ತೀನಿ. ಹೆಲ್ಮೆಟ್ ಹಾಕಬೇಕಾ, ಶೂ ಯಾವುದು ಅಂತ ಕೇಳಿದವರು ಕ್ಷಮಿಸಿ, ಅದನ್ನೂ ಹೇಳಿಕೊಡಬೇಕು ಅಂದ್ರೆ ನೀವು ಟ್ರೆಂಚ್‌ಗೆ ಇಳಿಯೋದೇ ಬೇಡ.

ಪ್ರಶ್ನೆ: 11 ಕೆವಿ ಕೇಬಲ್, ಲೈನ್ ಕ್ಲಿಯರ್ (ಸಪ್ಲೈ ನಿಲ್ಲಿಸಿ ಕೆಲಸ ಮಾಡೋಕೆ ಕೊಡೋ ಪರ್ಮಿಟ್) ತಗೊಂಡಿದೀವಿ, ಬ್ರೇಕರ್ ಆಫ್ ಆಗಿದೆ. ಕೇಬಲ್ ಮೇಲೆ ಟೆಸ್ಟರ್ ಹಿಡಿದ್ರೂ ಬೀಪ್ ಬರ್ತಿಲ್ಲ. ಕಟ್ ಮಾಡೋಕೆ ಇನ್ನೂ ಅರ್ತಿಂಗು (ಕೇಬಲ್ಲನ್ನ ನೆಲಕ್ಕೆ ಜೋಡಿಸೋದು), ಸ್ಪೈಕಿಂಗು (ದೂರದಿಂದ ಕೇಬಲ್ಲಿಗೆ ಮೊಳೆ ತೂರಿಸಿ ಸತ್ತಿದೆ ಅಂತ ಖಚಿತ ಮಾಡ್ಕೊಳ್ಳೋದು) ಅಂತ ಅರ್ಧ ದಿನ ಹಾಳು ಮಾಡ್ಬೇಕಾ?

ಮಾಡ್ಬೇಕು. ಮೊದಲು ಆ ಬೀಪ್ ವಿಷಯ. ಎಚ್‌ಟಿ ಕೇಬಲ್ಲಿಗೆ ಇನ್ಸುಲೇಶನ್ ಮೇಲೆ ಲೋಹದ ಸ್ಕ್ರೀನ್ ಇರುತ್ತೆ, ಅದು ಅರ್ತ್ ಆಗಿರುತ್ತೆ, ಹಾಗಾಗಿ ಒಳಗೆ ಪೂರ್ತಿ ವೋಲ್ಟೇಜ್ ಇದ್ರೂ ಹೊರಗಡೆ ಫೀಲ್ಡ್ ಬರೋದೇ ಇಲ್ಲ. ಅಂದ್ರೆ ನಿಮ್ಮ ಟೆಸ್ಟರ್ ಜೀವಂತ ಕೇಬಲ್ ಮೇಲೂ ಸುಮ್ಮನಿರುತ್ತೆ, ಸತ್ತ ಕೇಬಲ್ ಮೇಲೂ ಸುಮ್ಮನಿರುತ್ತೆ. ಅದನ್ನ ನಂಬಿ ಹ್ಯಾಕ್ಸಾ ಎತ್ತೋದು ಭಂಡ ಧೈರ್ಯ ಅಷ್ಟೇ. ಕೆಲವರು ಕೈ ಇಟ್ಟು 'ಬೆಚ್ಚಗಿಲ್ಲ, ಗುಂಯ್ ಅಂತಿಲ್ಲ, ಡೆಡ್ ಇದೆ' ಅಂತಾರೆ, ಲೋಡ್ ಇಲ್ಲದ ಕೇಬಲ್ ಬೆಚ್ಚಗಾಗೋದಾದ್ರೂ ಯಾಕೆ ಸ್ವಾಮಿ?

ಎರಡನೇದು, ಬ್ರೇಕರ್ ಆಫ್ ಅಂದ್ರೆ ಒಂದು ತುದಿ ಆಫ್. ಕೇಬಲ್ಲಿಗೆ ಇನ್ನೊಂದು ತುದಿ ಇದೆ. ರಿಂಗ್ (ಎರಡೂ ಕಡೆಯಿಂದ ಸಪ್ಲೈ ಬರೋ ಜೋಡಣೆ) ಆಗಿದ್ರೆ ಆ ಕಡೆ ಆರ್‌ಎಂಯುನಿಂದ (ರಿಂಗ್ ಮೇನ್ ಯೂನಿಟ್ ಅನ್ನೋ ಸ್ವಿಚ್ ಪೆಟ್ಟಿಗೆ) ಸಪ್ಲೈ ಬರುತ್ತೆ, ಇಲ್ಲಾಂದ್ರೆ ಯಾರದೋ ಜನರೇಟರ್ ಎಲ್‌ಟಿ (ಕಡಿಮೆ ವೋಲ್ಟೇಜ್) ಕಡೆಯಿಂದ ಟ್ರಾನ್ಸ್‌ಫಾರ್ಮರ್ ಹತ್ತಿ ವಾಪಸ್ ಎಚ್‌ಟಿಗೆ ಬರುತ್ತೆ. 415 ವೋಲ್ಟ್ ಕೊಟ್ರೆ ಅದೇ ಟ್ರಾನ್ಸ್‌ಫಾರ್ಮರ್ 11,000 ಮಾಡಿ ಕೊಡುತ್ತೆ, ಅದಕ್ಕೆ ಯಾವ ಕಡೆಯಿಂದ ಬಂತು ಅನ್ನೋದು ಲೆಕ್ಕಕ್ಕಿಲ್ಲ. ಹಾಗಾಗಿ ಸಪ್ಲೈ ಬರಬಹುದಾದ ಎಲ್ಲಾ ಕಡೆ ಓಪನ್ ಮಾಡಿ, ಎಲ್ಲಾ ಕಡೆ ಲಾಕ್ ಹಾಕಿ, ಕೀ ನಿಮ್ಮ ಜೇಬಲ್ಲಿರಲಿ, ಪಕ್ಕದವನ ಜೇಬಲ್ಲಲ್ಲ.

ಮೂರನೇದು ಚಾರ್ಜ್. ಕೇಬಲ್ ಅಂದ್ರೆ ಉದ್ದನೆಯ ಕೆಪಾಸಿಟರ್. 11 ಕೆವಿ ಕೇಬಲ್ಲಿಗೆ ಕಿಲೋಮೀಟರಿಗೆ ಕಾಲು ಮೈಕ್ರೋಫ್ಯಾರಡ್ ಆಸುಪಾಸು, ದಪ್ಪ ಕೇಬಲ್ ಆದ್ರೆ ಇನ್ನೂ ಜಾಸ್ತಿ. ಫೇಸ್-ಅರ್ತ್ ಪೀಕ್ ಸುಮಾರು 9 ಕೆವಿ. ಎರಡು ಕಿಲೋಮೀಟರ್ ಕೇಬಲ್ ಆ ಪೀಕ್‌ನಲ್ಲಿ ಆಫ್ ಆಯ್ತು ಅಂದ್ರೆ ಒಂದೊಂದು ಕೋರ್‌ನಲ್ಲೂ 20 ಜೌಲ್ ಉಳಿದಿರುತ್ತೆ, ಅದು ಎದೆ ಮೂಲಕ ಹೋದ್ರೆ ತಮಾಷೆ ಅಲ್ಲ. ಡಿಸಿ ಹೈಪಾಟ್ ಟೆಸ್ಟ್ (ಇನ್ಸುಲೇಶನ್ ತಾಳುತ್ತಾ ಅಂತ ಭಾರೀ ಡಿಸಿ ವೋಲ್ಟೇಜ್ ಕೊಟ್ಟು ನೋಡೋದು) ಮಾಡಿದ ಮೇಲಂತೂ ಇದರ ಎಷ್ಟೋ ಪಟ್ಟು. ಒಂದು ಸಲ ಅರ್ತ್ ಮುಟ್ಟಿಸಿ 'ಚಟ್' ಅಂತು, ಮುಗೀತು ಅಂತ ರಾಡ್ ತೆಗೀತಾರೆ. ಮುಗಿದಿರಲ್ಲ ಕಣ್ರೀ, ಹಿಂಡಿದ ಬಟ್ಟೆಯಿಂದ ಆಮೇಲೂ ನೀರು ತೊಟ್ಟಿಕ್ಕೋ ಹಾಗೆ ಇನ್ಸುಲೇಶನ್ ಒಳಗೆ ಕೂತ ಚಾರ್ಜ್ ನಿಧಾನವಾಗಿ ವಾಪಸ್ ಬರುತ್ತೆ, ಪೇಪರ್ ಇನ್ಸುಲೇಶನ್ ಇರೋ ಹಳೇ ಕೇಬಲ್ಲಲ್ಲಿ ಇದು ಇನ್ನೂ ಜಾಸ್ತಿ. ಮೊದಲು ರೆಸಿಸ್ಟರ್ ಇರೋ ಡಿಸ್ಚಾರ್ಜ್ ರಾಡ್, ಆಮೇಲೆ ನೇರ ಅರ್ತ್, ಡಿಸಿ ಟೆಸ್ಟ್ ನಡೆದಿದ್ರೆ ಅದು ನಡೆದ ಹೊತ್ತಿನ ನಾಲ್ಕರಷ್ಟು ಹೊತ್ತಾದ್ರೂ ಅರ್ತ್ ಹಾಗೇ ಇರಲಿ.

ಟರ್ಮಿನೇಶನ್ (ಕೇಬಲ್ ತುದಿ ಜೋಡಿಸಿರೋ ಜಾಗ) ಹತ್ರ ಟೆಸ್ಟ್ ಮಾಡೋದು ಎಚ್‌ಟಿಗೇ ಅಂತ ಇರೋ ಡಿಟೆಕ್ಟರಿನಿಂದ. ಮೊದಲು ಅದನ್ನ ಸಪ್ಲೈ ಇರೋ ಕಡೆ ಅಥವಾ ಪ್ರೂವಿಂಗ್ ಯೂನಿಟ್ (ಡಿಟೆಕ್ಟರ್ ಪರೀಕ್ಷೆಗೇ ಅಂತ ವೋಲ್ಟೇಜ್ ಕೊಡೋ ಪೆಟ್ಟಿಗೆ) ಮೇಲೆ ಹಿಡಿದು ಕೆಲಸ ಮಾಡ್ತಿದೆ ಅಂತ ನೋಡಿ, ಆಮೇಲೆ ನಿಮ್ಮ ಕೇಬಲ್, ಆಮೇಲೆ ಮತ್ತೆ ವಾಪಸ್ ಹೋಗಿ ನೋಡಿ. ಮೂರನೇ ಹೆಜ್ಜೆ ಎಲ್ಲರೂ ಬಿಡ್ತಾರೆ, ನಡುವೆ ಬ್ಯಾಟರಿ ಹೋಗಿದ್ರೆ ಯಾರಿಗೆ ಗೊತ್ತಾಗುತ್ತೆ? ಪ್ಯಾನಲ್ ಮೇಲಿನ ಇಂಡಿಕೇಟರ್ ಲ್ಯಾಂಪ್ ಉರಿದ್ರೆ ಸಪ್ಲೈ ಇದೆ ಅಂತ ಅರ್ಥ, ಉರಿಯದಿದ್ರೆ ಯಾವ ಅರ್ಥವೂ ಇಲ್ಲ. ಆಮೇಲೆ ಎರಡೂ ತುದಿಗೆ ಅರ್ತ್. ಪೋರ್ಟಬಲ್ ಅರ್ತ್ ಆದ್ರೆ ಮೊದಲು ಅರ್ತ್ ಕಡೆ ಕ್ಲಾಂಪ್, ಆಮೇಲೆ ಕಂಡಕ್ಟರ್, ತೆಗೆಯುವಾಗ ಉಲ್ಟಾ.

ಇಷ್ಟಾದ್ಮೇಲೂ ಸ್ಪೈಕಿಂಗ್ ಯಾಕೆ ಅಂದ್ರೆ, ಸತ್ತಿರೋದು ಪ್ಯಾನಲ್‌ನಲ್ಲಿರೋ ಕೇಬಲ್ಲು, ನಿಮ್ಮ ಗುಂಡಿಯಲ್ಲಿರೋದು ಅದೇ ಅಂತ ಯಾರು ಹೇಳಿದ್ರು? ಗುಂಡಿ ತೆಗೆದ್ರೆ ಕೆಸರು ಮೆತ್ಕೊಂಡಿರೋ ಮೂರು ಕೇಬಲ್, ಮೂರೂ ಒಂದೇ ದಪ್ಪ, ಒಂದೇ ಬಣ್ಣ. ಡ್ರಾಯಿಂಗ್‌ನಲ್ಲಿ ಎಡದಿಂದ ಎರಡನೇದು ಅಂತಿರುತ್ತೆ, ಆದ್ರೆ ಹಿಂದಿನ ತಿರುವಿನಲ್ಲಿ ಯಾರೋ ಎಳೆಯೋವಾಗ ಒಂದನ್ನ ಇನ್ನೊಂದರ ಅಡಿ ತೂರಿಸಿಬಿಟ್ಟಿರ್ತಾರೆ. ಟ್ಯಾಗ್ ಕಟ್ಟಿರೋ ತಂತಿ ತುಕ್ಕು ಹಿಡಿದು ಬಿದ್ದು, ಯಾರೋ ಒಳ್ಳೇ ಮನಸ್ಸಿಂದ ಎತ್ತಿ ಪಕ್ಕದ ಕೇಬಲ್ಲಿಗೆ ಕಟ್ಟಿರ್ತಾರೆ, ಇಂಥದ್ದನ್ನ ಕಣ್ಣಾರೆ ನೋಡಿದ್ಮೇಲೆ ನಾನು ಯಾವ ಟ್ಯಾಗನ್ನೂ ನಂಬಲ್ಲ. ಐಡೆಂಟಿಫೈಯರ್ (ಯಾವ ಕೇಬಲ್ ಅಂತ ಗುರುತಿಸೋ ಉಪಕರಣ) ಹಾಕಿ, ತುದಿಯಿಂದ ಪಲ್ಸ್ ಬಿಟ್ಟು ಕ್ಲಾಂಪ್ ಹಿಡಿದ್ರೆ ನಿಮ್ಮ ಕೇಬಲ್ಲಲ್ಲಿ ಅದು ಒಂದು ದಿಕ್ಕು ತೋರಿಸುತ್ತೆ, ಪಲ್ಸ್ ವಾಪಸ್ ಹೋಗೋ ಪಕ್ಕದ ಕೇಬಲ್ಲುಗಳಲ್ಲಿ ಉಲ್ಟಾ ದಿಕ್ಕು. ಅದಾದ್ಮೇಲೆ ಸ್ಪೈಕ್ ಗನ್ ಕಟ್ಟಿ, ಕಂಟ್ರೋಲ್ ರೂಮಿಗೆ ಹೇಳಿ, ಎಲ್ಲರೂ ಮೇಲೆ ಹತ್ತಿ ದೂರದಿಂದ ಫೈರ್ ಮಾಡಿ. ತಪ್ಪು ಕೇಬಲ್ ಆಗಿದ್ರೆ ಎಲ್ಲೋ ಫೀಡರ್ ಟ್ರಿಪ್ ಆಗುತ್ತೆ, ಬೈಸ್ಕೋತೀರ, ಬದುಕಿರ್ತೀರ. ಫೈರ್ ಆದ ತಕ್ಷಣ ಗುಂಡಿಗೆ ಹಾರಬೇಡಿ, ಏನೂ ಟ್ರಿಪ್ ಆಗಿಲ್ಲ ಅಂತ ಕಂಟ್ರೋಲ್ ರೂಮಿಂದ ಬಂದ್ಮೇಲೆ ಇಳಿಯಿರಿ. ಮತ್ತೆ ಕಟ್ ಮಾಡೋದು ಸ್ಪೈಕ್ ಮಾಡಿದ ಜಾಗದಲ್ಲೇ, 'ಇಲ್ಲಿ ಜಾಗ ಇಕ್ಕಟ್ಟು' ಅಂತ ಹತ್ತು ಮೀಟರ್ ಆಚೆ ಹೋದ್ರೆ ಮಾಡಿದ್ದೆಲ್ಲಾ ನೀರಲ್ಲಿ ಹೋಮ.

ಪ್ರಶ್ನೆ: ಮ್ಯಾನ್‌ಹೋಲ್‌ಗೆ ಇಳಿಯೋ ಮುಂಚೆ ಬೆಂಕಿಕಡ್ಡಿ ಗೀರಿ ಗ್ಯಾಸ್ ನೋಡಿದ್ರೆ ಸಾಕಲ್ವಾ?

ಇದನ್ನ ಹೇಳಿಕೊಟ್ಟ ಪುಣ್ಯಾತ್ಮನನ್ನ ನಾನೊಮ್ಮೆ ನೋಡ್ಬೇಕು. ಒಳಗೆ ಮೀಥೇನ್ ಇದ್ರೆ ಕಡ್ಡಿಯೇ ಕೊನೆಯ ಟೆಸ್ಟ್. ಗ್ಯಾಸ್ ಮೀಟರ್ ಇಳಿಬಿಟ್ಟು ಮೇಲೆ, ನಡುವೆ, ತಳ, ಮೂರೂ ಕಡೆ ನೋಡಿ, ಮೀಥೇನ್ ಮೇಲಿರುತ್ತೆ, ಹೈಡ್ರೋಜನ್ ಸಲ್ಫೈಡ್ ತಳದಲ್ಲಿ. ಆಕ್ಸಿಜನ್ 19.5 ಪರ್ಸೆಂಟ್‌ಗಿಂತ ಕಮ್ಮಿ ಇದ್ರೆ ಇಳಿಯಂಗಿಲ್ಲ. 'ವಾಸನೆ ಹೋಯ್ತು, ಈಗ ಸರಿ ಇದೆ' ಅನ್ನೋರೇ, ಆ ಸಲ್ಫೈಡ್ ಜಾಸ್ತಿ ಆದಾಗಲೇ ಮೂಗು ಸಾಯೋದು. ಒಳಗೆ ಒಬ್ಬ ಬಿದ್ರೆ ಮೇಲಿದ್ದವನು ಹಾಗೇ ಹಾರಬಾರದು, ಮೊದಲೇ ಕಟ್ಟಿರೋ ಹಾರ್ನೆಸ್‌ನಿಂದ ಎಳೀಬೇಕು.

ಪ್ರಶ್ನೆ: ರಬ್ಬರ್ ಗ್ಲೌಸ್ ಇದ್ರೆ 11 ಕೆವಿ ಮುಟ್ಟಬಹುದಾ?

ಕ್ಲಾಸ್ 2 ಗ್ಲೌಸ್ ಮೇಲೆ 17,000 ವೋಲ್ಟ್ ಅಂತ ಬರೆದಿರೋದು ಮುಟ್ಟೋಕೆ ಕೊಟ್ಟ ಪರ್ಮಿಶನ್ ಅಲ್ಲ. ಗಾಳಿ ತುಂಬಿ ಸೋರುತ್ತಾ ನೋಡದೇ ಹಾಕ್ಕೊಂಡ್ರೆ ಅಷ್ಟೂ ಇಲ್ಲ.

ಪ್ರಶ್ನೆ: ಹವಾಯಿ ಚಪ್ಪಲಿ ರಬ್ಬರ್ ತಾನೇ?

ಮುಂದಿನ ಪ್ರಶ್ನೆ.

ಪ್ರಶ್ನೆ: ಕರೆಂಟ್ ಇರೋ ಕೇಬಲ್ಲನ್ನ ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಏನಾಗುತ್ತೆ?

ಹತ್ತಿರದಲ್ಲಿ ಹಳೇ ಜಾಯಿಂಟ್ ಇದ್ರೆ ಅದು ನಿಮ್ಮ ಮುಖಕ್ಕೇ ಸಿಡೀಬಹುದು. ಆಫ್ ಮಾಡಿಸಿ ಸರಿಸಿ, ಆಫ್ ಅಂದ್ರೆ ಏನು ಅಂತ ಮೇಲೆ ಬರೆದಿದೀನಿ.