ಜೈಂಟ್ಸ್ ತಂಡದ ಆ 107 ಗೆಲುವುಗಳು

ತಂಗೀ, ನಿನ್ನ ಪತ್ರ ಓದಿದೆ. ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಮೂರು ತಿಂಗಳಾಯಿತು, ಕೆಲಸ ಕೈಗೆ ಹತ್ತಿತು, ಆದರೆ ಮಧ್ಯಾಹ್ನ ಊಟದ ಮೇಜಿನಲ್ಲಿ ಎಲ್ಲರೂ ಬೇಸ್‌ಬಾಲ್ ಮಾತಿಗಿಳಿದರೆ ಡಬ್ಬಿ ಮುಚ್ಚಿ ಎದ್ದುಬಿಡುತ್ತೇನೆ ಎಂದು ಬರೆದಿದ್ದೀಯ. ಮೂರು ಗಂಟೆ ಏನೂ ನಡೆಯದ ಈ ಆಟವನ್ನು ಕಲಿಯಲೇಬೇಕೇ ಅಕ್ಕ ಎಂದೂ ಕೇಳಿದ್ದೀಯ. ಕಲಿಯಲೇಬೇಕೆಂದೇನಿಲ್ಲ. ಅದರ ಗೊಡವೆಗೇ ಹೋಗದೆ ನೆಮ್ಮದಿಯಾಗಿರುವ ನಮ್ಮವರು ಇಲ್ಲಿ ಬೇಕಾದಷ್ಟಿದ್ದಾರೆ. ಆದರೆ ಏನೂ ನಡೆಯುವುದಿಲ್ಲ ಎನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಿಯಮಗಳ ಪುಸ್ತಕ ತೆರೆಯಬೇಡ. ಒಂದು ತಂಡದ ಒಂದು ವರ್ಷವನ್ನು ಗಟ್ಟಿಯಾಗಿ ಹಿಡಿದುಕೋ. ನನ್ನ ಪಾಲಿಗೆ ಅದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ 162ರಲ್ಲಿ 107 ಪಂದ್ಯ ಗೆದ್ದ 2021.

ನಾನು ಹಾಸನದಿಂದ ಇಲ್ಲಿಗೆ ಬಂದದ್ದು 2008ರಲ್ಲಿ. ಇದೇ ತಂಡ 2010, 2012, 2014ರಲ್ಲಿ ಚಾಂಪಿಯನ್ ಆದಾಗಲೂ ನಾನು ತಲೆಯೆತ್ತಿ ನೋಡಿರಲಿಲ್ಲ. 2021ರ ಏಪ್ರಿಲ್‌ನಲ್ಲಿ, ಇನ್ನೂ ಕೋವಿಡ್ ಭಯದಲ್ಲಿ ಮನೆಯೊಳಗೇ ಇದ್ದಾಗ, ಬೇಲಿಯಾಚೆಯ ವೃದ್ಧರು ಸಂಜೆ ಅಂಗಳದಲ್ಲಿ ರೇಡಿಯೊ ಹಚ್ಚಿ ಕೂರುತ್ತಿದ್ದರು. ಜಾನ್ ಮಿಲ್ಲರ್ ಅವರ ವೀಕ್ಷಕ ವಿವರಣೆ ನನ್ನ ಅಡುಗೆಮನೆಯ ಕಿಟಕಿಗೆ ಕೇಳಿಸುತ್ತಿತ್ತು. ಒಂದು ದಿನ ಅವರು ತಾವು ಪೆನ್ಸಿಲ್‌ನಲ್ಲಿ ತುಂಬುತ್ತಿದ್ದ ಹಾಳೆಯನ್ನು ಬೇಲಿಯ ಮೇಲಿಂದ ತೋರಿಸಿದರು. ಸಾಲುಸಾಲು ಚಿಕ್ಕ ಚೌಕಗಳು. ಪ್ರತಿ ಫೀಲ್ಡರ್‌ಗೂ ಒಂದು ಅಂಕಿ: ಚೆಂಡೆಸೆಯುವ ಪಿಚರ್ 1, ಕ್ಯಾಚರ್ 2, ಹೀಗೆ 9ರವರೆಗೆ. ‘6-4-3’ ಎಂದು ಬರೆದರೆ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗಿ ಇಬ್ಬರು ಔಟಾದರೆಂದು ತಿಳಿಯುತ್ತದೆ. ಬ್ಯಾಟರ್ ಬೀಸಿ ತಪ್ಪಿ ಔಟಾದರೆ ಇಂಗ್ಲಿಷಿನ ‘ಕೆ’ ಅಕ್ಷರ. ಬೀಸದೆ ನಿಂತು ಔಟಾದರೆ ಅದೇ ‘ಕೆ’ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಅಷ್ಟು ಹೊತ್ತು ಏನೂ ನಡೆಯಲಿಲ್ಲ ಎಂದು ನಾನಂದುಕೊಂಡಿದ್ದ ಆಟದಲ್ಲಿ ಒಂದು ಚೌಕವೂ ಖಾಲಿ ಇರಲಿಲ್ಲ.

ಆ ವರ್ಷ ಈ ತಂಡದ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಎದುರಿಗಿದ್ದದ್ದು, ಎರಡೂ ತಂಡಗಳಿರುವ ವಿಭಾಗದಲ್ಲಿ, ಅಂದರೆ ಗುಂಪಿನಲ್ಲಿ, ಎಂಟು ವರ್ಷ ಸತತವಾಗಿ ಮೊದಲು ಬಂದ ಲಾಸ್ ಏಂಜಲೀಸ್ ಡಾಡ್ಜರ್ಸ್. ಜೈಂಟ್ಸ್ ಆಡಳಿತ ಫರ್ಹಾನ್ ಝೈದಿಯವರ ಕೈಯಲ್ಲಿತ್ತು. ಪಾಕಿಸ್ತಾನಿ ಮೂಲದ ಕುಟುಂಬದವರು, ಕೆನಡಾದಲ್ಲಿ ಹುಟ್ಟಿ ಫಿಲಿಪೈನ್ಸ್‌ನಲ್ಲಿ ಬೆಳೆದು ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದವರು. ಅವರೂ ಪಂದ್ಯದಲ್ಲಿ ತಂಡ ನಡೆಸುವ ಮ್ಯಾನೇಜರ್ ಗೇಬ್ ಕ್ಯಾಪ್ಲರ್ ಅವರೂ ದುಬಾರಿ ತಾರೆಯರನ್ನೇ ನೆಚ್ಚಿಕೊಳ್ಳಲಿಲ್ಲ. ಬೇರೆ ತಂಡಗಳು ಕೈಬಿಟ್ಟವರನ್ನು ಆರಿಸಿ, ಒಬ್ಬೊಬ್ಬರಿಗೂ ಅವರಿಗೆ ಒಗ್ಗುವ ಗಳಿಗೆಯನ್ನು ಹುಡುಕಿಕೊಟ್ಟರು.

ಇದು ನಿನಗೆ ಬೇಗ ಅರ್ಥವಾಗುತ್ತದೆ. ಎಡಗೈ ಬ್ಯಾಟ್ಸ್‌ಮನ್ ಬಂದರೆ ನಾಯಕ ಆಫ್ ಸ್ಪಿನ್ನರ್ ಕೈಗೆ ಚೆಂಡು ಕೊಡುವುದಿಲ್ಲವೇ, ಇದೂ ಹಾಗೆಯೇ. ಬಲಗೈ ಬ್ಯಾಟರ್‌ಗೆ ಎಡಗೈ ಪಿಚರ್‌ನ ಚೆಂಡು ಚೆನ್ನಾಗಿ ಕಾಣುತ್ತದೆ, ಎಡಗೈಯವರಿಗೆ ಬಲಗೈ ಪಿಚರ್‌ನದು. ಹಾಗಾಗಿ ಬಲಗೈ ಪಿಚರ್ ಎದುರಾದ ದಿನ ಲಮಾಂಟ್ ವೇಡ್, ಎಡಗೈ ಪಿಚರ್ ಇದ್ದ ದಿನ ಡ್ಯಾರಿನ್ ರಫ್. ರಫ್ ಮೂರು ವರ್ಷ ಕೊರಿಯಾದಲ್ಲಿ ಆಡಿ ಮರಳಿ ಬಂದವನು. ವೇಡ್ ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸ್‌ನಲ್ಲಿ ಮತ್ತೆ ಮತ್ತೆ ಪಂದ್ಯ ತಿರುಗಿಸಿ ‘ಲೇಟ್ ನೈಟ್ ಲಮಾಂಟ್’ ಎಂದೇ ಹೆಸರಾದ. ಎದುರಾಳಿ ನಡುವೆ ಪಿಚರ್ ಬದಲಿಸಿದರೆ ಕ್ಯಾಪ್ಲರ್ ತಕ್ಷಣ ಬ್ಯಾಟರ್ ಬದಲಿಸುತ್ತಿದ್ದರು. ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಹಾಗಾಗಿ ಯಾವಾಗ ಯಾರನ್ನು ಇಳಿಸಬೇಕು ಎನ್ನುವುದೇ ದೊಡ್ಡ ಲೆಕ್ಕ. ಆಗ ಜೈಂಟ್ಸ್ ಆಡುವ ನ್ಯಾಷನಲ್ ಲೀಗ್‌ನಲ್ಲಿ ಪಿಚರ್ ಕೂಡ ಬ್ಯಾಟ್ ಹಿಡಿಯಬೇಕಿತ್ತು, ಆದ್ದರಿಂದ ಬದಲಿ ಬ್ಯಾಟರ್‌ಗೆ ಅವಕಾಶ ಪ್ರತಿದಿನ ಸಿಗುತ್ತಿತ್ತು. ಬೆಂಚಿನಿಂದ ಎದ್ದು ಬಂದವರೇ ಆ ವರ್ಷ 18 ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ) ಬಾರಿಸಿದರು, ಅದು ದಾಖಲೆ. ತಂಡದ ಒಟ್ಟು 241 ಹೋಮ್ ರನ್‌ಗಳೂ ಅದರ ಇತಿಹಾಸದಲ್ಲೇ ಅತಿ ಹೆಚ್ಚು.

ಪಿಚಿಂಗ್‌ನಲ್ಲಿ ನೀನು ಟೈಲರ್ ರಾಜರ್ಸ್‌ನ ವಿಡಿಯೊ ಒಂದನ್ನು ನೋಡಲೇಬೇಕು. ಸೊಂಟ ಬಗ್ಗಿಸಿ ಬೆರಳ ಗೆಣ್ಣು ಮಣ್ಣಿಗೆ ತಾಗುವಷ್ಟು ಕೆಳಗಿನಿಂದ ಎಸೆಯುತ್ತಾನೆ, ಮಾಲಿಂಗನ ತೋಳಿಗಿಂತಲೂ ಎಷ್ಟೋ ಕೆಳಗೆ. ವೇಗ ಕಡಿಮೆ, ಆದರೂ ಎದುರಿನವನಿಗೆ ಚೆಂಡು ನೆಲದಿಂದ ಎದ್ದು ಬಂದಂತೆ ತೋರುತ್ತದೆ.

ಕಂಪ್ಯೂಟರ್ ಲೆಕ್ಕಾಚಾರವೇ 107 ಪಂದ್ಯ ಗೆಲ್ಲಿಸಿತು ಎಂದು ನಿನ್ನ ಸಹೋದ್ಯೋಗಿಗಳು ಹೇಳಿಯಾರು. ನಾನು ಅಷ್ಟು ದೂರ ಹೋಗುವುದಿಲ್ಲ. ಬಸ್ಟರ್ ಪೋಸಿ, ಬ್ರ್ಯಾಂಡನ್ ಕ್ರಾಫರ್ಡ್, ಬ್ರ್ಯಾಂಡನ್ ಬೆಲ್ಟ್, ಈ ಮೂವರು ಹಳಬರು ಇದ್ದದ್ದರಿಂದಲೇ ಆ ಲೆಕ್ಕಕ್ಕೆ ತಳಪಾಯ ಸಿಕ್ಕಿತು. ಮೂವರೂ ಮೂವತ್ತು ದಾಟಿದ್ದವರು, ಮುಗಿದರು ಎಂದು ಜನ ಬರೆದುಬಿಟ್ಟಿದ್ದರು. ಅವಳಿ ಹಸುಗೂಸುಗಳಿಗಾಗಿ 2020ರ ಇಡೀ ಋತು ಬಿಟ್ಟಿದ್ದ ಪೋಸಿ ಮರಳಿ ಬಂದು .304 ಸರಾಸರಿಯಲ್ಲಿ, ಅಂದರೆ ಹತ್ತರಲ್ಲಿ ಮೂರು ಸಲ ಹಿಟ್ ಗಳಿಸಿದ ಲೆಕ್ಕದಲ್ಲಿ, ಆಡಿದ. ಅದಕ್ಕಿಂತ ದೊಡ್ಡದು ಅವನ ಕ್ಯಾಚರ್ ಕೆಲಸ. ಕ್ಯಾಚರ್ ಎಂದರೆ ವಿಕೆಟ್‌ಕೀಪರ್ ಅಂದುಕೋ, ಆದರೆ ಪ್ರತಿ ಎಸೆತಕ್ಕೂ ಯಾವ ಚೆಂಡು, ಎಲ್ಲಿಗೆ ಎಂದು ಸನ್ನೆ ಮಾಡುವವನೂ ಅವನೇ. ಲೋಗನ್ ವೆಬ್ ಎಂಬ ಇಪ್ಪತ್ತನಾಲ್ಕರ ಹುಡುಗ ಆ ವರ್ಷ ಅರಳಿದ್ದು ಆ ಕೈಗವಸಿನ ಎದುರಿಗೇ.

ಡಾಡ್ಜರ್ಸ್ ಕೊನೆಯವರೆಗೂ ಬೆನ್ನು ಬಿಡಲಿಲ್ಲ. ಲೀಗ್‌ನ ಕೊನೆಯ, 162ನೆಯ ಪಂದ್ಯದ ದಿನ, ಅಕ್ಟೋಬರ್ 3ರಂದು, ಸ್ಯಾನ್ ಡಿಯೆಗೊ ವಿರುದ್ಧ 11-4ರಿಂದ ಗೆದ್ದಾಗಲೇ ವಿಭಾಗ ನಮ್ಮದಾಯಿತು. ಪಿಚರ್ ವೆಬ್ ಅಂದು ತನ್ನ ಮೊದಲ ಹೋಮ್ ರನ್ ಕೂಡ ಹೊಡೆದ. ನಮಗೆ 107, ಅವರಿಗೆ 106. ಆದರೆ ಅಷ್ಟರಲ್ಲಿ ಬೆಲ್ಟ್‌ನ ಹೆಬ್ಬೆರಳು ಮುರಿದಿತ್ತು.

ಮತ್ತೆ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಮುಗಿದ ಮೇಲಿನ ನಾಕೌಟ್ ಹಂತದಲ್ಲಿ, ಅದೇ ಡಾಡ್ಜರ್ಸ್. ಐದು ಪಂದ್ಯಗಳ ಸರಣಿ 2-2 ಆಗಿ ಅಕ್ಟೋಬರ್ 14ರ ರಾತ್ರಿ ಕೊನೆಯದಕ್ಕೆ ಬಂತು. ಆ ಹೊತ್ತಿಗೆ ಎರಡೂ ತಂಡಗಳ ಆ ವರ್ಷದ ಗೆಲುವು ಸರಿಯಾಗಿ 109. ವೆಬ್ ಏಳು ಇನ್ನಿಂಗ್ಸ್ ಎಸೆದು ಕೊಟ್ಟದ್ದು ಒಂದೇ ರನ್. ರಫ್ ಹೋಮ್ ರನ್‌ನಿಂದ 1-1. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ಬೆಲ್ಲಿಂಜರ್ ಹೊಡೆದು ಅವರಿಗೆ 2-1. ನಮ್ಮ ಕೊನೆಯ ಬ್ಯಾಟರ್ ವಿಲ್ಮರ್ ಫ್ಲೋರೆಸ್, ಎರಡು ಸ್ಟ್ರೈಕ್ ಆಗಿತ್ತು, ಮೂರನೆಯದಾದರೆ ಔಟ್. ಚೆಂಡು ಹೊರಗೆ ಹೋಗುವುದನ್ನು ಕಂಡು ಬ್ಯಾಟನ್ನು ಅರ್ಧಕ್ಕೇ ತಡೆದ. ಬೀಸಿದನೆಂದು ಅಂಪೈರ್ ಕೈ ಎತ್ತಿದರು. ಮುಗಿಯಿತು. ನಾನು ಅಂಗಳದಲ್ಲೇ ಇದ್ದೆ. ನೆರೆಯವರು ಆ ಚೌಕದಲ್ಲಿ ಸೀದಾ ‘ಕೆ’ ಬರೆಯಬೇಕಿತ್ತು. ಬರೆಯಲಿಲ್ಲ. ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಒಳಗೆ ಹೋದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿಮೂರು ವರ್ಷಗಳಲ್ಲಿ ಈ ಊರಿನ ಸೋಲೊಂದು ನನ್ನ ಸೋಲೆನಿಸಿದ್ದು ಅದೇ ಮೊದಲು.

ಪೋಸಿ ಅದೇ ನವೆಂಬರ್‌ನಲ್ಲಿ ನಿವೃತ್ತನಾದ. ಮರುವರ್ಷ ಅದೇ ಝೈದಿ, ಅದೇ ಕ್ಯಾಪ್ಲರ್, ಅದೇ ಲೆಕ್ಕ; ಬಂದದ್ದು 81 ಗೆಲುವು, 81 ಸೋಲು. ಹಾಗಾಗಿಯೇ ನಾನು ಆ ಮೂವರ ಮಾತೆತ್ತಿದ್ದು. 2024ರ ಸೆಪ್ಟೆಂಬರ್‌ನಲ್ಲಿ ಝೈದಿಯವರ ಸ್ಥಾನಕ್ಕೆ ಬಂದವನು ಪೋಸಿಯೇ. ಊಟದ ಮೇಜಿನಲ್ಲಿ ಇದೊಂದನ್ನು ಕೇಳಿ ನೋಡು, ಡಬ್ಬಿ ಮುಚ್ಚಲು ಯಾರೂ ಬಿಡುವುದಿಲ್ಲ.

ನಿನ್ನ ಆಫೀಸಿನವರು ಮುಂದಿನ ತಿಂಗಳು ಜೈಂಟ್ಸ್ ಮೈದಾನ ಒರಾಕಲ್ ಪಾರ್ಕ್‌ಗೆ ಕರೆದಿದ್ದಾರೆ ಎಂದಿದ್ದೀಯಲ್ಲ, ಹೋಗು. ಪಿಚರ್ ಇಷ್ಟೇ ಸೆಕೆಂಡುಗಳಲ್ಲಿ ಎಸೆಯಬೇಕೆಂದು 2023ರಿಂದ ಗಡಿಯಾರ ಇಟ್ಟಿದ್ದಾರೆ, ಆಟ ಮೊದಲಿನಷ್ಟು ಎಳೆಯುವುದಿಲ್ಲ. ಸನಿವೇಲ್‌ನಿಂದ ಕ್ಯಾಲ್‌ಟ್ರೇನ್ ಹತ್ತಿದರೆ ಕೊನೆಯ ನಿಲ್ದಾಣದಿಂದ ಮೈದಾನಕ್ಕೆ ನಡೆದೇ ಹೋಗಬಹುದು. ಜುಲೈ ಆದರೂ ಸ್ವೆಟರ್ ಬಿಡಬೇಡ, ಸಂಜೆ ಕೊಲ್ಲಿಯ ಗಾಳಿ ಕೊರೆಯುತ್ತದೆ. ಸಾಧ್ಯವಾದರೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದಿನ ಮೇಲಂತಸ್ತಿನಲ್ಲಿ ಕೂತುಕೋ. ಅಲ್ಲಿಂದ ಒಂಬತ್ತೂ ಫೀಲ್ಡರ್‌ಗಳು ಕಾಣುತ್ತಾರೆ, ಬ್ಯಾಟರ್ ಬದಲಾದಂತೆ ಅವರು ಎರಡು ಹೆಜ್ಜೆ ಆಚೀಚೆ ಸರಿಯುವುದೂ ಕಾಣುತ್ತದೆ. ಖಾಲಿ ಹಾಳೆಗಳ ಕಟ್ಟೊಂದು ನನ್ನ ಬಳಿ ಇದೆ, ಶನಿವಾರ ಮನೆಗೆ ಬಂದರೆ ಕೊಡುತ್ತೇನೆ.